ಖ ಇಲ್ಲದ ಕಾದಂಬರಿ

ಒಂದು ಸಂಗತಿಯನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನನಗೆ ಕಾದಂಬರಿ ಬರೆಯಲು ಬರುವುದಿಲ್ಲ. ಇದು ಹತ್ತೊಂಬತ್ತು ಪುಟ ಬರೆದ ಮೇಲೆ ಗೊತ್ತಾದದ್ದು. ಮುಂಚೆಯೇ ಗೊತ್ತಾಗಿದ್ದರೆ ಅಷ್ಟು ಕಾಗದವಾದರೂ ಉಳಿಯುತ್ತಿತ್ತು.

ನಾನು ಓದಿದ್ದು ನಾಲ್ಕನೇ ಕ್ಲಾಸು. ಆದರೆ ಮಾಗಡಿ ರಸ್ತೆಯ ಒಂದು ಪುಟ್ಟ ಅಚ್ಚುಕೂಟದಲ್ಲಿ ಮೂವತ್ತು ವರ್ಷ ಮೊಳೆ ಜೋಡಿಸಿದವನು. ಮೊಳೆ ಎಂದರೆ ಗೋಡೆಗೆ ಹೊಡೆಯುವುದಲ್ಲ, ಸೀಸದ ಅಕ್ಷರ. ಎಷ್ಟೋ ಜನರ ಕಾದಂಬರಿಗಳು ಒಂದೊಂದೇ ಅಕ್ಷರವಾಗಿ ನನ್ನ ಬೆರಳ ತುದಿಯಿಂದ ದಾಟಿಹೋಗಿವೆ. ಪೂರ್ತಿ ಓದಿದ್ದು ಒಂದೂ ಇಲ್ಲ. ಬರಹಗಾರರು ಕೊಟ್ಟ ಹಾಳೆಗಳನ್ನು ನಾಲ್ಕು ಜನಕ್ಕೆ ಹಂಚುತ್ತಿದ್ದರು. ನನ್ನ ಪಾಲಿನಲ್ಲಿ ನಾಯಕಿ ರೈಲು ಹತ್ತಿದರೆ, ಅವಳು ಎಲ್ಲಿ ಇಳಿದಳೆಂಬುದು ಪಕ್ಕದಲ್ಲಿ ನಿಂತವನಿಗೇ ಗೊತ್ತು. ಇಂಥವನು ಕಾದಂಬರಿಕಾರನಾಗಲು ಹೊರಟರೆ ಏನಾಗಬೇಕೋ ಅದೇ ಆಯಿತು.

ಹೊರಟದ್ದಕ್ಕೆ ಕಾರಣ ನನ್ನ ಮೊಮ್ಮಗಳು ಪುಷ್ಪ. ಈ ವರ್ಷ ಎಸ್ಸೆಸ್ಸೆಲ್ಸಿ ಬರೆದಳು. ಪಾಸಾದವರ ನಂಬರು ಪೇಪರಿನಲ್ಲಿ ಬಂದ ಬೆಳಿಗ್ಗೆ ಕುರುಬರಹಳ್ಳಿಯ ನಮ್ಮ ಮನೆಯ ಜಗುಲಿಯ ಮೇಲೆ ಹಾಳೆ ಹರಡಿಕೊಂಡು ಕೂತೆವು. ಅವಳ ನಂಬರಿಗೆ ಹಿಂದಿನದು ಇತ್ತು, ಮುಂದಿನದು ಇತ್ತು, ಅವಳದ್ದು ಇರಲಿಲ್ಲ. ಬೇರೆ ಯಾವ ತಾತನಾದರೂ ತಲೆ ಸವರಿ ಸುಮ್ಮನಾಗುತ್ತಿದ್ದ. ನಾನು ಅಚ್ಚುಕೂಟದವನಲ್ಲವೇ. "ಮೊಳೆ ಬಿದ್ದೋಗಿದೆ ಕಣೇ," ಅಂದೆ. "ಜೋಡಿಸೋನು ಎಡವಟ್ಟು ಮಾಡಿದಾನೆ. ನಾನೇ ಎಷ್ಟು ಸಲ ಮಾಡಿಲ್ಲ. ನೀನು ಪಾಸೇ."

ಅವಳು ನಂಬಿದಳು. ಸೊಸೆಗೆ ಹೇಳಿ ಪಾಯಸ ಮಾಡಿಸಿದೆ, ಅಕ್ಕಪಕ್ಕದ ಮನೆಗೂ ಹಂಚಿದೆ. ಮಾರನೆಯ ದಿನ ಇಬ್ಬರೂ ರಾಜಾಜಿನಗರದ ಅವಳ ಶಾಲೆಗೆ ನಡೆದು ಹೋದೆವು. ಬಿದ್ದದ್ದು ಮೊಳೆಯಲ್ಲ. ಪುಷ್ಪ, ಗಣಿತದಲ್ಲಿ.

ವಾಪಸು ಬರುವಾಗ ದಾರಿಯುದ್ದಕ್ಕೂ ಅವಳು ಮಾತಾಡಲಿಲ್ಲ. ಆಮೇಲೆ ಮೂರು ವಾರವೂ ಆಡಲಿಲ್ಲ. ಊಟಕ್ಕೆ ಕರೆದರೆ ಬರುವಳು, ತಟ್ಟೆ ತೊಳೆದಿಟ್ಟು ಒಳಗೆ ಹೋಗುವಳು. ನನ್ನ ಮಗ, "ಓದಿದ್ದು ಸಾಕು, ಹೊಲಿಗೆ ಕ್ಲಾಸಿಗೆ ಸೇರಿಸ್ತೀನಿ," ಅಂದ. ಅದಕ್ಕೂ ತಲೆಯಾಡಿಸಿದಳು. ಸೊಸೆ ಅಡುಗೆಮನೆಯಿಂದಲೇ, "ಫೇಲಾಗಿದ್ದಕ್ಕಲ್ಲ ಮಾವ ಅವಳು ಹಿಂಗಾಗಿರೋದು. ಒಂದಿನ ಪಾಸಾಗಿದ್ಲಲ್ಲ, ಅದಕ್ಕೆ," ಅಂದಳು. ಆ ಮಾತು ನನ್ನ ಎದೆಯೊಳಗೆ ಹೋಗಿ ಕೂತುಬಿಟ್ಟಿತು.

ಬಾಯಲ್ಲಿ ಆಡಿ ಕೆಡಿಸಿದ್ದನ್ನು ಬರೆದು ಸರಿಮಾಡೋಣ ಅನ್ನಿಸಿತು. ಅವಳ ವಯಸ್ಸಿನವರಿಗೆ ಪುಸ್ತಕವಾದರೂ ಎಲ್ಲಿದೆ? ಮಕ್ಕಳ ಕಥೆಯಲ್ಲಿ ನರಿ ಮಾತಾಡುತ್ತದೆ. ದೊಡ್ಡವರ ಕಾದಂಬರಿಯಲ್ಲಿ ಮೂರನೇ ಪುಟಕ್ಕೇ ಹೆಣ್ಣು ನೋಡಲು ಬರುತ್ತಾರೆ. ನಡುವಿನವರಿಗೆಂದು ಒಂದು ಪುಟ ಜೋಡಿಸಿದ ನೆನಪೂ ನನಗಿಲ್ಲ.

ಕಾದಂಬರಿಕಾರರಿಗೆ ಬೆಟ್ಟ ನೋಡಿ, ನದಿ ನೋಡಿ ಸ್ಫೂರ್ತಿ ಬರುತ್ತದಂತೆ. ನಮ್ಮ ಬೀದಿಯಲ್ಲಿ ಇರುವುದು ನಲ್ಲಿ. ಅದರ ಮುಂದೆ ಬಿಂದಿಗೆ ಸಾಲಿಟ್ಟು ನಿಂತ ಹುಡುಗಿಯರ ಮಾತು ಕೇಳಿಸಿಕೊಳ್ಳೋಣವೆಂದು ಹೋಗುತ್ತಿದ್ದೆ. ನಾನು ಹತ್ತಿರ ಹೋದ ಕೂಡಲೇ ಮಾತು ನಿಲ್ಲುತ್ತಿತ್ತು. ಹೀಗಾಗಿ ನನ್ನ ಕಾದಂಬರಿಯಲ್ಲಿ ಹುಡುಗಿಯರು ಹೆಚ್ಚಾಗಿ ಸುಮ್ಮನೇ ಇರುತ್ತಾರೆ. ನಾಯಕಿಗೆ ಕಮಲ ಎಂದು ಹೆಸರಿಟ್ಟೆ. ಕೊಂಬಿಲ್ಲ, ಒತ್ತಿಲ್ಲ, ಮೂರೇ ಮೊಳೆ, ಜೋಡಿಸುವವನಿಗೆ ಹಬ್ಬ. ಕಮಲ ಫೇಲಾಗುತ್ತಾಳೆ. ಕೊನೆಗೆ ಪೇಪರಿನವರ ತಪ್ಪು ಹೊರಬಿದ್ದು ಪಾಸಾಗುತ್ತಾಳೆ. ಕಾಗದದ ಮೇಲಾದರೂ ಒಂದು ಮೊಳೆ ಬೀಳಿಸಿದೆ.

ಬರೆದದ್ದನ್ನು ಪುಷ್ಪಳ ದಿಂಬಿನ ಪಕ್ಕ ಇಟ್ಟು ಬಂದೆ. ಎರಡು ದಿನ ಅದು ಅಲುಗಲಿಲ್ಲ. ಮೂರನೇ ದಿನ ಮಧ್ಯಾಹ್ನ ಹಾಳೆಗಳನ್ನು ಹಿಡಿದುಕೊಂಡು ಜಗುಲಿಗೆ ಬಂದಳು.

"ತಾತ, ಇವಳಿಗೆ ಬರೀ ಬೇಸರಾನೇ ಆಗುತ್ತಲ್ಲ, ಯಾಕೆ? ಫೇಲಾದ್ರೂ ಬೇಸರ. ಗೆಳತಿ ಮಾತು ಬಿಟ್ರೂ ಬೇಸರ. ಅವರಜ್ಜಿ ಸತ್ತೋದ್ರೂ ಬೇಸರ. ದುಃಖ ಅನ್ನೋದು ಒಂದು ಕಡೇನೂ ಇಲ್ಲ."

ಮಗುಚಿ ನೋಡಿದೆ. ನಿಜ. ನಮ್ಮ ಅಚ್ಚುಕೂಟದಲ್ಲಿ ಖ ಮೊಳೆ ಕಡಿಮೆ ಇದ್ದವು. ಬರಹಗಾರರು ಸುಖ, ದುಃಖ, ಮುಖ ಎಂದು ಧಾರಾಳವಾಗಿ ಬರೆದುಕೊಡುತ್ತಿದ್ದರು. ಏಳೆಂಟು ಪುಟಕ್ಕೆಲ್ಲ ಖ ಮುಗಿದಿರುತ್ತಿತ್ತು. ಆಗ ನಾನು ಮುಖವನ್ನು ಮೋರೆ ಮಾಡುತ್ತಿದ್ದೆ, ದುಃಖವನ್ನು ಬೇಸರ ಮಾಡುತ್ತಿದ್ದೆ. ಯಾರೊಬ್ಬರೂ ಬಂದು ಕೇಳಲಿಲ್ಲ. ಎಷ್ಟು ತಾಯಂದಿರ, ಎಷ್ಟು ವಿಧವೆಯರ ದುಃಖವನ್ನು ಹೀಗೆ ಬೇಸರಕ್ಕೆ ಇಳಿಸಿದ್ದೇನೋ, ಲೆಕ್ಕ ಇಟ್ಟಿಲ್ಲ. ಈಗ ನನ್ನ ಕೈಯಲ್ಲಿ ಪೆನ್ಸಿಲ್ಲಿದೆ, ಅದರಲ್ಲಿ ಬೇಕಾದಷ್ಟು ಖ ಇದೆ. ಆದರೂ ಅಭ್ಯಾಸಬಲ, ಒಂದೂ ಬರಲಿಲ್ಲ.

ಇದನ್ನೆಲ್ಲ ಅವಳಿಗೆ ಹೇಳಿದೆ. ನಗುತ್ತಾಳೆ ಅಂದುಕೊಂಡೆ. ಮೂರು ವಾರ ತಡೆದಿದ್ದ ಅಳು ಆಗ ಬಂತು.

"ಎಲ್ರೂ ಬೇಸರ ಮಾಡ್ಕೋಬೇಡ, ಬೇಸರ ಮಾಡ್ಕೋಬೇಡ ಅಂತಾರೆ ತಾತ. ಬೇಸರ ಅಲ್ಲ ಅದು."

"ಹೂಂ ಕಣವ್ವ. ನಾನು ಅವತ್ತು ಸುಳ್ಳು ಹೇಳಬಾರ್ದಿತ್ತು."

"ನೀನು ಸುಳ್ಳು ಹೇಳ್ಲಿಲ್ಲ. ನಿಂಗೆ ನಿಜವಾಗ್ಲೂ ಹಂಗೇ ಅನ್ನಿಸ್ತು. ಅದೇ ಕಷ್ಟ."

ಅಳು ಮುಗಿದ ಮೇಲೆ ವಿಮರ್ಶೆ ಶುರುವಾಯಿತು. ಹುಡುಗಿಯರು ಹೀಗೆ ಮಾತಾಡುವುದಿಲ್ಲವಂತೆ. ಕಮಲ ಎಂಬುದು ಸಪ್ಪೆ ಹೆಸರಂತೆ. ಎಲ್ಲಕ್ಕಿಂತ ಮುಖ್ಯವಾಗಿ, ಅವಳು ಪಾಸಾಗಕೂಡದಂತೆ. "ಆ ನಂಬರ್ ಸಿಕ್ಬಿಟ್ರೆ ಇದು ನನ್ ಕಥೆ ಅಲ್ಲ. ಅವಳು ಮತ್ತೆ ಪರೀಕ್ಷೆ ಕಟ್ತಾಳೆ. ಆಮೇಲೇನೋ, ಗೊತ್ತಿಲ್ಲ. ಹೊಲಿಗೆ ಕ್ಲಾಸು ಬೇಡ ಅಂತ ಅಪ್ಪಂಗೆ ನಾನೇ ಹೇಳ್ತೀನಿ." ಹೇಳಿದಳು ಕೂಡ. ಮಗ ಗೊಣಗಿಕೊಂಡು ಒಪ್ಪಿದ.

ಕಾದಂಬರಿಕಾರನಾಗಿ ನನ್ನ ಗತಿ ಇಷ್ಟಕ್ಕೇ ಮುಗಿಯಿತು. ಇದ್ದ ಒಬ್ಬ ಓದುಗಳೂ ನನ್ನ ಕಥೆಯನ್ನು ತಿರಸ್ಕರಿಸಿ, ಆ ಹಾಳೆಗಳ ಹಿಂಬದಿಯಲ್ಲಿ ತನ್ನದೇ ಒಂದನ್ನು ಬರೆಯುತ್ತಿದ್ದಾಳೆ. ಬೆಳಿಗ್ಗೆ ಲೆಕ್ಕ, ಸಾಯಂಕಾಲ ಕಥೆ. ಹೋದ ವಾರ ಮೆಲ್ಲಗೆ ಇಣುಕಲು ಹೋದೆ. ಮೊಣಕೈ ಅಡ್ಡ ಇಟ್ಟಳು.

"ನಿನ್ ವಯಸ್ಸಿನೋರು ಓದೋದಲ್ಲ ತಾತ ಇದು."

ಅವತ್ತಿನಿಂದ ಬೀದಿಯಲ್ಲಿ ಸಿಕ್ಕವರನ್ನೆಲ್ಲ ನಿಲ್ಲಿಸಿ ಹೇಳುತ್ತಿದ್ದೇನೆ, ನಮ್ಮ ಮನೆಯಲ್ಲಿ ಒಂದು ಕಾದಂಬರಿ ಆಗುತ್ತಿದೆ, ಅದನ್ನು ಮುಟ್ಟಲು ನನಗೆ ಅಪ್ಪಣೆ ಇಲ್ಲ ಎಂದು. ಕೇಳಿದವರು ಅಯ್ಯೋ ಪಾಪ ಅನ್ನುತ್ತಾರೆ. ನಾನು ಎದೆಯುಬ್ಬಿಸಿಕೊಂಡು ಮುಂದಿನ ಮನೆಗೆ ಹೋಗುತ್ತೇನೆ.