ಮೀನಿನ ಬುಟ್ಟಿಯಲ್ಲಿ ಹಿಮನದಿ

೨೦೦೯ರ ಅಕ್ಟೋಬರ್. ನಾವಾಗ ಮುಂಬೈ ಪಕ್ಕದ ಠಾಣೆಯಲ್ಲಿದ್ದೆವು. ನನ್ನ ಗಂಡ ಅಲ್ಲಿನ ಒಂದು ಉಡುಪಿ ಹೋಟೆಲಿನಲ್ಲಿ ಮ್ಯಾನೇಜರ್. ಎಂಟನೇ ಕ್ಲಾಸಿನ ಮಗಳು ಸ್ವಾತಿಗೆ ಕಲ್ಯಾಣದ ಶಾಲೆಯೊಂದರಲ್ಲಿ ವಿಜ್ಞಾನ ಪ್ರದರ್ಶನವಿತ್ತು. ಸಾವಿರಾರು ವರ್ಷಗಳ ಹಿಂದೆ ಕಣಿವೆ ತುಂಬ ಇದ್ದ ಮಂಜುಗಡ್ಡೆ ಕರಗಿ ಹಿಂದೆ ಸರಿದಾಗ, ಅದು ಹೊತ್ತು ತಂದ ಕಲ್ಲು ಮಣ್ಣು ಅಲ್ಲೇ ಉಳಿದು ಕಣಿವೆ ಹೇಗೆ ತುಂಬಿತು ಎಂದು ಅವಳು ತೋರಿಸಬೇಕಿತ್ತು. ಪ್ಲಾಸ್ಟರಿನ ಕಣಿವೆಯನ್ನು ಟೀಚರ್ ಹಿಂದಿನ ದಿನವೇ ಒಯ್ದಿದ್ದರು. ಮಂಜುಗಡ್ಡೆ ನಮ್ಮ ಪಾಲಿಗೆ. ಜಲ್ಲಿ, ಮರಳು, ಕೆಮ್ಮಣ್ಣು ಕಲಸಿದ ನೀರನ್ನು ಇಡ್ಲಿ ಹಿಟ್ಟಿನ ಸ್ಟೀಲ್ ಡಬ್ಬಿಗೆ ಹೊಯ್ದು ಹೋಟೆಲಿನ ಡೀಪ್ ಫ್ರೀಜರಿನಲ್ಲಿ ಗಟ್ಟಿ ಮಾಡಿಸಿದೆವು. ಅಡುಗೆ ಭಟ್ಟರು ಮುಖ ಊದಿಸಿಕೊಂಡದ್ದು ಬೇರೆ ಕಥೆ.

ಬೆಳಿಗ್ಗೆ ಓಡೋಡಿ ಸ್ಟೇಷನ್ನಿಗೆ ಬಂದರೆ ಲೋಕಲ್ ಹೊರಡುವುದರಲ್ಲಿತ್ತು. ಎದುರಿಗೆ ಸಿಕ್ಕಿದ ಲಗೇಜ್ ಬೋಗಿಗೇ ಹತ್ತಿಬಿಟ್ಟೆವು. ಒಳಗೆಲ್ಲ ಮೀನು ಮಾರುವ ಹೆಂಗಸರು, ಅವರ ಬುಟ್ಟಿಗಳು. ಹುಟ್ಟಿದಂದಿನಿಂದ ಸಸ್ಯಾಹಾರಿಯಾದ ನಾನು ಸೆರಗನ್ನು ಮೂಗಿಗೊತ್ತಿಕೊಂಡು ಬಾಗಿಲಲ್ಲೇ ನಿಂತೆ.

ಮುಂಬ್ರಾ ದಾಟಿದ್ದೇ ತಡ, ಗಾಡಿ ನಿಂತಿತು. ಅರ್ಧ ಗಂಟೆಯಾದರೂ ಅಲುಗಲಿಲ್ಲ. ಸೆಕೆಯೋ ಸೆಕೆ. ಡಬ್ಬಿ ಅಲ್ಲಾಡಿಸಿದರೆ ಒಳಗೆ ನೀರು ಕುಲುಕುವ ಸದ್ದು. ಸ್ವಾತಿಯ ಕಣ್ಣಲ್ಲಿ ನೀರು. "ಒಂದು ಚಾರ್ಟ್ ಬರೆದಿದ್ರೆ ಸಾಕಿತ್ತು ಮಾರಾಯ್ತಿ" ಎಂದು ನಾನು ಬೇರೆ ರೇಗಿದೆ.

ಐವತ್ತು ದಾಟಿದ ಒಬ್ಬ ಹೆಂಗಸು ಡಬ್ಬಿಯಲ್ಲಿ ಏನಿದೆ ಎಂದು ಕೇಳಿದರು. ಸ್ವಾತಿ ಆಕೆಯನ್ನು ಮಾವಶಿ, ಅಂದರೆ ಚಿಕ್ಕಮ್ಮ, ಎಂದು ಕರೆದು, ಮೂಗು ಒರೆಸಿಕೊಳ್ಳುತ್ತಾ ಮರಾಠಿಯಲ್ಲಿ ಎಲ್ಲ ವಿವರಿಸಿದಳು. ನಮ್ಮ ಖಾಡಿಯಲ್ಲೂ, ಅಂದರೆ ಸಮುದ್ರದ ಹಿನ್ನೀರಿನಲ್ಲೂ, ಹಾಗೇ, ಓಡುವ ನೀರು ಕಲ್ಲನ್ನು ಮೊದಲು ಬಿಡುತ್ತದೆ, ನಿಂತ ಮೇಲೇ ನುಣ್ಣನೆ ಕೆಸರನ್ನು ಬಿಡುವುದು ಎಂದರು ಮಾವಶಿ. ನನ್ನನ್ನು ಒಂದು ಮಾತೂ ಕೇಳದೆ ತಮ್ಮ ಬುಟ್ಟಿಯ ಮೀನು ಸರಿಸಿ, ಡಬ್ಬಿಯನ್ನು ಐಸಿನಲ್ಲಿ ಹುದುಗಿಸಿ, ಮೀನಿನ ಮೇಲಿದ್ದ ಐಸನ್ನೂ ಬಳಿದು ಅದಕ್ಕೇ ಮುಚ್ಚಿದರು. ಬಂಗುಡೆಗಳ ನಡುವೆ ನನ್ನ ಇಡ್ಲಿ ಹಿಟ್ಟಿನ ಡಬ್ಬಿ! ರಾಮ ರಾಮ ಎಂದುಕೊಂಡೆ.

ಅಂತೂ ಗಾಡಿ ಹೊರಟಿತು. ಕಲ್ಯಾಣದಲ್ಲಿ ಅವರೇ ಡಬ್ಬಿ ತೆಗೆದುಕೊಟ್ಟು ಓಡಿ ಎಂದರು. ಓಡಿದೆವು. ಥ್ಯಾಂಕ್ಸ್ ಹೇಳುವುದಕ್ಕೂ ನಿಲ್ಲಲಿಲ್ಲ.

ಮಂಜುಗಡ್ಡೆ ಮುಕ್ಕಾಲು ಪಾಲು ಉಳಿದಿತ್ತು. ಪ್ಲಾಸ್ಟರಿನ ಕಣಿವೆಯ ಮೇಲ್ತುದಿಯಲ್ಲಿಟ್ಟಾಗ ತೀರ್ಪುಗಾರರ ಕಣ್ಣೆದುರೇ ಅದು ಕರಗುತ್ತಾ ಹೋಯಿತು. ಮೇಲೆ ಜಲ್ಲಿ ನಿಂತಿತು, ಅದರ ಕೆಳಗೆ ಮರಳು, ತೀರಾ ತಗ್ಗಿನಲ್ಲಿ ಕೆಂಪು ಕೆಸರು. ಯಾಕೆ ಹೀಗೆ ಎಂದು ಅವರು ಕೇಳಿದಾಗ ಸ್ವಾತಿ ಖಾಡಿಯ ಮಾತನ್ನೇ ಹೇಳಿದಳು. ಎರಡನೇ ಬಹುಮಾನ ಬಂತು.

ವಾಪಸ್ ಬರುವಾಗ ಟ್ರೇನಿನಲ್ಲಿ ಅವಳು, "ಅಮ್ಮಾ, ಮಾವಶಿ ಡೊಂಬಿವಲಿಲಾ ಉತರಣಾರ್ ಹೋತ್ಯಾ" ಎಂದಳು. ಡೊಂಬಿವಲಿಯಲ್ಲಿ ಇಳಿಯಬೇಕಾದವರು! ಜೊತೆಯವರು ಕರೆದರೂ ಇಳಿಯದೆ, ಡಬ್ಬಿಗಾಗಿ ಕಲ್ಯಾಣದವರೆಗೆ ಬಂದಿದ್ದರಂತೆ. ವಾಚು ನೋಡುತ್ತಿದ್ದ ನನಗೆ ಇದ್ಯಾವುದೂ ಗೊತ್ತಾಗಿರಲಿಲ್ಲ. ನಾಚಿಕೆಯಿಂದ ಮೈ ಹಿಡಿಯಾಯಿತು.

ಡೊಂಬಿವಲಿಯಲ್ಲಿ ಇಳಿದೆವು. ಜೀವನದಲ್ಲಿ ಮೊದಲ ಸಲ ಮೀನು ಮಾರ್ಕೆಟ್ಟಿನೊಳಗೆ ಕಾಲಿಟ್ಟೆ. ಉಳಿದವರೆಲ್ಲ ಮಾರಿ ಮುಗಿಸಿ ಎದ್ದಿದ್ದರು. ಮಾವಶಿ ಮಾತ್ರ ಅರ್ಧ ಬುಟ್ಟಿ ಮೆತ್ತಗಾದ ಮೀನಿನ ಮುಂದೆ ಕೂತಿದ್ದರು. ನಮ್ಮನ್ನು ಕಂಡವರೇ ಐಸ್ ಉಳಿಯಿತಾ ಎಂದು ಕೇಳಿದರು. ಕಲ್ಯಾಣದವರೆಗೆ ಯಾಕೆ ಬಂದಿರಿ ಎಂದೆ.

"ಮಾಝಾ ಧಂದಾ ರೋಜಚಾ ಆಹೇ. ಪೋರೀಚಂ ಆಜ್‌ಚ್ ಹೋತಂ" ಎಂದರು. ನನ್ನ ವ್ಯಾಪಾರ ದಿನಾ ಇದ್ದದ್ದೇ, ಹುಡುಗಿಯದು ಇವತ್ತೊಂದೇ ದಿನ ಎಂದು.

ಕೈ ಮುಗಿದೆ. ಅವರ ಜಾಗದಲ್ಲಿ ನಾನಿದ್ದಿದ್ದರೆ ಡಬ್ಬಿಯನ್ನು ಹುಡುಗಿಯ ಕೈಗೆ ಕೊಟ್ಟು ನನ್ನ ಸ್ಟೇಷನ್ನಿನಲ್ಲಿ ಇಳಿದುಬಿಡುತ್ತಿದ್ದೆ. ಅಷ್ಟು ದೊಡ್ಡ ಮನಸ್ಸು ನನಗಿನ್ನೂ ಬಂದಿಲ್ಲ.