ಎರಡೂ ಬದಿಗೆ ವಿಭೂತಿ

ರಾತ್ರಿ ಗಾಡಿಯ ಫೋಟೋ ತೆಗೆಯುವ ಹುಚ್ಚು ನನಗೆ ಹಿಡಿದದ್ದು ದೊಡ್ಡ ಯುದ್ಧ ಶುರುವಾಗುವ ಮೊದಲು. ಆಗ ನಾನು ಗೋಕಾಕದಲ್ಲಿ ಸಾಲಿ ಮಾಸ್ತರ. ಬೆಳಗಾವಿಯ ಒಬ್ಬ ಫೋಟೋದವರು ಮೂಲೆಗೆ ಒಗೆದಿದ್ದ ಹಳೆಯ ಕ್ಯಾಮೆರಾ ಹೇಗೋ ನನ್ನ ಕೈಗೆ ಬಂದಿತ್ತು. ಅದರ ಮೂರು ಕಾಲುಗಳಲ್ಲಿ ಒಂದು ಬಿದಿರಿನದು, ನಾನೇ ಕಟ್ಟಿದ್ದು. ಒತ್ತಲು ಗುಂಡಿ ಅಂತ ಏನೂ ಇರಲಿಲ್ಲ. ಮುಂದಿನ ಮುಚ್ಚಳ ತೆಗೆಯಬೇಕು, ಬಾಯಲ್ಲಿ ಎಣಿಸಬೇಕು, ಮತ್ತೆ ಮುಚ್ಚಬೇಕು. ಇಷ್ಟೇ ಸಾಮಾನು ಇದ್ದವನು ಹಗಲು ಹೊತ್ತು ಮದುವೆಯ ಗಂಡು ಹೆಣ್ಣನ್ನು ನಿಲ್ಲಿಸಿ ಫೋಟೋ ತೆಗೆದು ಸುಮ್ಮನಿರಬೇಕಿತ್ತು. ನನಗೆ ಕತ್ತಲೆಯ ಎಂಜಿನ್ನೇ ಬೇಕಾಗಿತ್ತು.

ಸ್ಟೇಶನ್ನಿಗೆ ಸೈಕಲ್ ತುಳಿದು ಹೋಗುತ್ತಿದ್ದೆ. ಎಂಜಿನ್ ಅಲ್ಲಿ ನೀರು ತುಂಬಿಸಿಕೊಳ್ಳಲು ನಿಲ್ಲುತ್ತಿತ್ತು. ನಿಂತಷ್ಟು ಹೊತ್ತು ಮುಚ್ಚಳ ತೆಗೆದಿಟ್ಟರೆ ಕಂದೀಲಿನ ಮಿಣುಕು ಬೆಳಕಿನಲ್ಲೂ ಏನಾದರೊಂದು ಮೂಡುತ್ತಿತ್ತು. ಇದಕ್ಕೆಲ್ಲ ನನಗೆ ಜೊತೆಯಾದವನು ಸಿಗ್ನಲ್ಲಿನ ದೀಪಗಳಿಗೆ ಎಣ್ಣೆ ಹಾಕುವ ಕೆಲಸದವನು. ಘೋಡಗೇರಿಯವನು, ನನಗಿಂತ ನಾಲ್ಕೈದು ವರ್ಷ ದೊಡ್ಡವನು. ನಾನು ಅಣ್ಣಾ ಎನ್ನುತ್ತಿದ್ದೆ. "ಮಾಸ್ತರ್ರ, ಇವತ್ತ ಗಾಡಿ ಮುಂದ ಸರದ ನಿಲ್ತೈತ್ರಿ, ಈ ಬಾಜೂ ಬರ್ರಿ" ಎಂದು ಜಾಗ ತೋರಿಸುತ್ತಿದ್ದ. ತನ್ನ ಕಂದೀಲು ನನ್ನ ಕ್ಯಾಮೆರಾಕ್ಕೆ ಕಾಣದಂತೆ ಬೆನ್ನ ಹಿಂದೆ ಹಿಡಿದು ನಿಲ್ಲುತ್ತಿದ್ದ. ಪ್ರತಿಯಾಗಿ ಏನನ್ನೂ ಕೇಳಿದವನಲ್ಲ.

ಫೋಟೋ ಮೂಡುವ ಗಾಜಿನ ಪ್ಲೇಟು ಇಡುವ ಚಪ್ಪಟೆ ಮರದ ಪೆಟ್ಟಿಗೆ ನನ್ನ ಹತ್ತಿರ ಒಂದೇ ಇತ್ತು. ಅದರ ಎರಡು ಬದಿಗೆ ಒಂದೊಂದು ಪ್ಲೇಟು. ಯಾವ ಬದಿ ಬೆಳಕು ಕಂಡಿದೆ, ಯಾವುದು ಇನ್ನೂ ಕೋರಾ ಇದೆ ಎಂದು ಕತ್ತಲೆಯಲ್ಲೂ ಗುರುತು ಸಿಗಬೇಕು. ಅದಕ್ಕೆ ನಾನೊಂದು ಉಪಾಯ ಮಾಡಿಕೊಂಡಿದ್ದೆ: ಫೋಟೋ ಆದ ಕೂಡಲೇ ನನ್ನ ಹಣೆಯ ವಿಭೂತಿಯನ್ನು ಬೆರಳಿನಿಂದ ಒರೆಸಿ ಆ ಬದಿಯ ಕರಿ ಮರದ ಮೇಲೆ ಒಂದು ಗೀಟು ಎಳೆಯುವುದು. ವಿಭೂತಿ ಇಲ್ಲದೆ ನಾನು ಮನೆ ಬಿಡುತ್ತಿರಲಿಲ್ಲವಾದ್ದರಿಂದ ಈ ಗುರುತು ಎಂದೂ ಕೈಕೊಟ್ಟಿರಲಿಲ್ಲ. ಅದರ ಬಗ್ಗೆ ನನಗೆ ಸ್ವಲ್ಪ ಜಂಬವೂ ಇತ್ತು.

ಒಂದು ಮಧ್ಯಾಹ್ನ ಸಿಗ್ನಲ್ಲಿನ ಅಣ್ಣ ಸಾಲಿಯ ಬಾಗಿಲಿಗೆ ಬಂದು ನಿಂತ. "ಅವ್ವ ಹೋದ್ಲ್ರಿ ಮಾಸ್ತರ್ರ. ಜೀವ ಇರೂತನಕ ಫೋಟೋ ಬ್ಯಾಡ ಅಂದ್ಲು, ಆಯುಷ್ಯ ಕಡಿಮಿ ಆಗ್ತೈತಿ ಅಂತ. ಈಗರೆ ಒಂದ ತಗೀರಿ. ಮಣ್ಣ ಆಗೂದರೊಳಗ ಬರ್ರಿ."

ನನ್ನಲ್ಲಿ ಆಗ ಉಳಿದದ್ದು ಎರಡೇ ಪ್ಲೇಟು. ಸತ್ತವರ ಫೋಟೋ ಮತ್ತೆ ತೆಗೆಯಲಾಗುವುದಿಲ್ಲ. ಬುದ್ಧಿ ಇದ್ದವರು ಎರಡನ್ನೂ ಆ ತಾಯಿಗೇ ಬಳಸುತ್ತಿದ್ದರು. ಆದರೆ ಆವತ್ತು ರಾತ್ರಿ ಮೇಲ್ ಗಾಡಿಗೆ ಎರಡು ಎಂಜಿನ್ ಜೋಡಿಸುತ್ತಾರೆಂಬ ಸುದ್ದಿ ಇತ್ತು. ಸುದ್ದಿ ಕೊಟ್ಟವನೂ ಅವನೇ. ಒಂದು ಪ್ಲೇಟು ತಾಯಿಗೆ, ಇನ್ನೊಂದು ಗಾಡಿಗೆ ಎಂದು ದಾರಿಯಲ್ಲೇ ಹಂಚಿಬಿಟ್ಟೆ.

ಘೋಡಗೇರಿಯ ಆ ಮನೆಯ ಪಡಸಾಲೆಯಲ್ಲಿ ಮುದುಕಿಯನ್ನು ನಮ್ಮ ಪದ್ಧತಿಯಂತೆ ಚಕ್ಕಳಮಕ್ಕಳ ಹಾಕಿ ಕೂಡಿಸಿದ್ದರು. ತಲೆ ಜೋಲದ ಹಾಗೆ ಅರಿವೆ ಕಟ್ಟಿ ಗೋಡೆಯ ಮೊಳೆಗೆ ಬಿಗಿದಿದ್ದರು. ಎಡಗೈಯಲ್ಲಿ ಲಿಂಗ. ಹಣೆ, ತೋಳು, ಎದೆಗೆಲ್ಲ ವಿಭೂತಿ. ಬಂದವರಿಗೆಲ್ಲ ಅಯ್ಯನವರು ವಿಭೂತಿ ಕೊಡುತ್ತಿದ್ದರು. ನನಗೂ ಹಣೆ ತುಂಬ ಬಳಿದು, ಅಂಗೈಗೂ ಹಾಕಿದರು. ನಾನು ಕರಿ ಬಟ್ಟೆ ಹೊದ್ದು ಕ್ಯಾಮೆರಾದ ಹಿಂದಿನ ಗಾಜಿನಲ್ಲಿ ನೋಡಿ ಸರಿಮಾಡಿಕೊಂಡೆ, ಪೆಟ್ಟಿಗೆ ತೂರಿಸಿ ಮುಚ್ಚಳ ತೆಗೆದೆ, ಎಣಿಸಿದೆ, ಮುಚ್ಚಿದೆ. ಗೀಟು ಎಳೆದೆ. ಅದೇ ಕೈಯಿಂದ ಪೆಟ್ಟಿಗೆಯನ್ನು ಎದೆಗೆ ಅವಚಿಕೊಂಡು ಹೊರಬಿದ್ದೆ. ಮಣ್ಣಿಗೂ ನಿಲ್ಲಲಿಲ್ಲ. ಸಾಲಿಯ ಕೆಲಸ ಐತಿ ಎಂದು ಸುಳ್ಳು ಹೇಳಿ ನೇರ ಸ್ಟೇಶನ್ನಿಗೆ ಹೋದೆ.

ಸ್ಟೇಶನ್ನಿನಲ್ಲಿ ಕ್ಯಾಮೆರಾ ನಿಲ್ಲಿಸಿ ಪೆಟ್ಟಿಗೆ ಹೊರತೆಗೆದರೆ ಎರಡೂ ಬದಿಗೆ ವಿಭೂತಿ ಮೆತ್ತಿತ್ತು. ಅಷ್ಟರಲ್ಲಿ ದೂರದ ತಿರುವಿನಲ್ಲಿ ಗಾಡಿಯ ಬೆಳಕು ಕಂಡಿತು. ಇವತ್ತು ಬೇಡ ಎಂದು ತಿರುಗಿ ಹೋಗಿದ್ದರೆ ನನ್ನ ಗಂಟೇನೂ ಹೋಗುತ್ತಿರಲಿಲ್ಲ. ನಾನು ಹೋಗಲಿಲ್ಲ. ಮಸುಕಾಗಿದ್ದ ಬದಿಯೇ ಕೋರಾ ಇರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಖಾತ್ರಿ ಇರಲಿಲ್ಲ. ಖಾತ್ರಿ ಇಲ್ಲವೆಂದು ಗೊತ್ತಿದ್ದೂ ಮುಚ್ಚಳ ತೆಗೆದೆ. ಅದನ್ನು ನಾನು ಅಚಾತುರ್ಯ ಎಂದು ಕರೆಯಲಾರೆ.

ಆ ರಾತ್ರಿ ಅಡುಗೆಮನೆಯಲ್ಲಿ ಕೆಂಪು ಬಟ್ಟೆ ಸುತ್ತಿದ ಕಂದೀಲಿನ ಮುಂದೆ ಪ್ಲೇಟುಗಳನ್ನು ಔಷಧದ ನೀರಿನಲ್ಲಿ ತೊಳೆದೆ. ಒಂದರಲ್ಲಿ ಏನೂ ಇರಲಿಲ್ಲ. ಇನ್ನೊಂದರಲ್ಲಿ ತಾಯಿಯೂ ಗಾಡಿಯೂ ಒಂದರ ಮೇಲೊಂದು ಬಿದ್ದಿದ್ದವು. ಮರುದಿನ ಬಿಸಿಲಿಗಿಟ್ಟು ಕಾಗದದ ಮೇಲೆ ಇಳಿಸಿದಾಗ ಎಲ್ಲ ಸ್ಪಷ್ಟವಾಯಿತು: ಲಿಂಗ ಹಿಡಿದ ಕೈ ಇದೆ, ಮಡಿಲು ಇದೆ, ಮಡಿಲಿನಿಂದ ಮೇಲಕ್ಕೆ ಹಳಿಗಳ ಎರಡು ಸಣ್ಣ ಹೊಳೆಯುವ ಗೆರೆ, ಮುಖವಿರಬೇಕಾದಲ್ಲಿ ಎಂಜಿನ್ನಿನ ದೊಡ್ಡ ದೀಪ. ಮುಖ ಇಲ್ಲ.

ತಪ್ಪೊಪ್ಪಿಕೊಳ್ಳಬೇಕೆಂದೇ ಘೋಡಗೇರಿಗೆ ಹೋದೆ. ಸೈಕಲ್ ಮೇಲೆ ಮಾತುಗಳನ್ನೂ ಜೋಡಿಸಿಕೊಂಡಿದ್ದೆ. ಆದರೆ ಎದುರಿಗೆ ಸಿಕ್ಕವನು ಮುದುಕಿಯ ಗಂಡ. ಫೋಟೋ ಇಸಿದುಕೊಂಡು ಬಿಸಿಲಿಗೆ ಹಿಡಿದು ನೋಡಿದ. "ನೋಡ್ರಿ, ನಮ್ಮಾಕಿ ಬೆಳಕಾಗಿ ಹೋಗ್ಯಾಳ. ಮಾರಿನ ಉಳಿದಿಲ್ಲ, ಬರೇ ಬೆಳಕ. ಲಿಂಗದಾಗ ಕೂಡಿದ್ಲು. ಖರೆ ಹೌದಲ್ರಿ ಮಾಸ್ತರ್ರ?"

"ಹೌದ್ರಿ ಕಾಕಾ, ಖರೆ" ಎಂದೆ.

ಮಗ ಫೋಟೋವನ್ನು ಬಹಳ ಹೊತ್ತು ನೋಡಿದ. ನನ್ನನ್ನು ದನದ ಕೊಟ್ಟಿಗೆಯ ಹತ್ತಿರ ಕರೆದುಕೊಂಡು ಹೋಗಿ, ಫೋಟೋದಲ್ಲಿ ತಾಯಿಯ ಹೆಗಲಿನ ಪಕ್ಕ ಮೂಡಿದ್ದ ಮಸುಕು ಸಿಗ್ನಲ್ ಕಂಬದ ಮೇಲೆ ಬೆರಳಿಟ್ಟ. "ಈ ದೀಪಕ್ಕ ದಿನಾ ನಾನ ಎಣ್ಣಿ ಹಾಕತೇನ್ರಿ" ಎಂದ. ನನಗೆ ಭೂಮಿ ಬಾಯಿಬಿಟ್ಟರೆ ಸಾಕೆನಿಸಿತು. ಅವನು ಜಗಳ ತೆಗೆಯಲಿಲ್ಲ. "ಅಪ್ಪಗ ಹೇಳಬ್ಯಾಡ್ರಿ. ಆಂವಾ ಹಿಂಗ ತಿಳಕೊಂಡ ಇರ್ಲಿ" ಎಂದಷ್ಟೇ ಹೇಳಿದ.

ಮುದುಕ ಅದಕ್ಕೆ ಕಟ್ಟು ಹಾಕಿಸಿ ದೇವರ ಜಗಲಿಯ ಮೇಲಿಟ್ಟು ಪೂಜಿಸಿದ. ಕಲ್ಲೋಳಿಯಿಂದ, ಹತ್ತರಗಿಯಿಂದ ಬೀಗರು ಬಂದು ನೋಡಿ ಕೈಮುಗಿದರು. ಒಂದು ಸಲ ನನ್ನನ್ನೂ ಕರೆಸಿ, ಪುಣ್ಯವಂತರ ಕೈ ಎಂದು ಶಾಲು ಹೊದಿಸಿದರು. ಹೊದೆದುಕೊಂಡೆ. ನಾಚಿಕೆಯಿಂದ ಕ್ಯಾಮೆರಾ ಬಿಟ್ಟೆ ಎಂದು ಬರೆದರೆ ಓದುವವರಿಗೆ ಸಮಾಧಾನವಾದೀತು, ಬಿಡಲಿಲ್ಲ. ಮೂರು ತಿಂಗಳಿಗೆ ಹೊಸ ಪ್ಲೇಟು ತರಿಸಿ ಮತ್ತೆ ಸ್ಟೇಶನ್ನಿಗೆ ಹೋದೆ. ಅವನು ಮೊದಲಿನ ಹಾಗೆಯೇ ಕಂದೀಲು ಬೆನ್ನ ಹಿಂದೆ ಹಿಡಿದು ನಿಂತ. ಅವನ ಮುಖ ನೋಡಲು ನನಗೆ ಧೈರ್ಯ ಸಾಲುತ್ತಿರಲಿಲ್ಲ, ಆದರೂ ಹೋಗುತ್ತಿದ್ದೆ.

ಮುದುಕ ತೀರಿಕೊಂಡ ವರ್ಷ, ಒಂದು ಸಂಜೆ ಗಾಡಿಯ ದಾರಿ ಕಾಯುತ್ತ ಇಬ್ಬರೂ ಕೂತಿದ್ದೆವು. ಅವನು ಮೆಲ್ಲಗೆ ಕೇಳಿದ: "ಮಾಸ್ತರ್ರ, ಅವ್ವನ ಮಾರಿ ನೆನಪ ಹಾರಾಕತ್ತೈತ್ರಿ. ಕಣ್ಣ ಮುಚ್ಚಿದ್ರ ಆ ಬೆಳಕ ಅಷ್ಟ ಬರ್ತೈತಿ. ಆವತ್ತ ನೀವು ಕರಿ ಬಟ್ಟಿ ಹೊಚ್ಚಿಕೊಂಡ ಬಾಳೊತ್ತ ನೋಡಿದ್ರಿ. ಹೆಂಗಿತ್ರಿ ಮಾರಿ? ಸಮಾಧಾನ ಇತ್ತೇನ್ರಿ?"

ನೆನಪು ಮಾಡಿಕೊಂಡೆ. ಗೋಡೆಯ ಮೊಳೆ ಬಂತು, ಅರಿವೆಯ ಗಂಟು ಬಂತು, ಕೈಯ ಲಿಂಗ ಬಂತು. ಮುಖ ಬರಲಿಲ್ಲ. ಆ ಬಟ್ಟೆಯ ಕೆಳಗೆ ನಾನು ಎರಡು ಎಂಜಿನ್ನಿಗೆ ಎಷ್ಟು ಹೊತ್ತು ಮುಚ್ಚಳ ತೆಗೆದಿಡಬೇಕು ಎಂದು ಲೆಕ್ಕ ಹಾಕುತ್ತಿದ್ದೆ.

"ಅಣ್ಣಾ, ನಾ ನೋಡ್ಲಿಲ್ರಿ" ಎಂದೆ.

ಅವನು ಎಣ್ಣೆಯ ಡಬ್ಬಿ ಎತ್ತಿಕೊಂಡು ಸಿಗ್ನಲ್ಲಿನ ಕಡೆ ನಡೆದ.