ನಮ್ಮತ್ತೆ ಕಿರುಬ ಅಂದಿದ್ದು

ನಮ್ಮ ಮನೆ ಮುಂದಿನ ಕೋಣೆಯಲ್ಲಿ ಈಗ ಹಿಪ್ಪುನೇರಳೆ ಸೊಪ್ಪು ತುಂಬಿರ್ತೀನಿ. ಬಾಗಿಲು ತೆಗೆದಾಗಲೆಲ್ಲ ಆ ಹುಡುಗಿ ನೆನಪಾಗ್ತಾಳೆ. ಚಿರತೆಗಳ ಬಗ್ಗೆ ಓದ್ತೀನಿ ಅಂತ ಬಳ್ಳಾರಿ ಕಡೆಯಿಂದ ಬಂದು ಬೈರಕೂರಿನ ಹತ್ತಿರದ ನಮ್ಮೂರಲ್ಲಿ, ಆ ಕೋಣೆಯಲ್ಲೇ ಒಂದು ವರ್ಷ ಇದ್ದಳು. ಬಂಡೆಗುಡ್ಡದ ಮರಗಳಿಗೆ ಕ್ಯಾಮೆರಾ ಕಟ್ಟೋಳು. ಸಂಜೆ ಬಂದು ಜಗಲಿ ಮೇಲೆ ಕೂತು ನಮ್ಮತ್ತೆಗೆ ಫೋಟೊ ತೋರಿಸೋಳು. ತಾಯಿ ಒಂದು, ಮರಿ ಎರಡು. ನಮ್ಮತ್ತೆಗೆ ಟಿ.ವಿ. ಧಾರಾವಾಹಿ ಬೇಡವಾಗಿ, ಗುಡ್ಡದ ಸಂಸಾರವೇ ಸಾಕು ಅನ್ನಿಸ್ತು. ಅವರ ಮನೆಮಾತು ತೆಲುಗು. "ಇಂಕಾ ಪಾಲು ತಾಗ್ತಾ ಉಂಡಾಯಾ?" ಅಂತ ದಿನಾ ಅದೇ ಪ್ರಶ್ನೆ, ಮರಿಗಳು ಇನ್ನೂ ಹಾಲು ಕುಡೀತಾವಾ ಅಂತ. ಈಗ ಅತ್ತೆ ಇಲ್ಲ, ಹುಡುಗಿ ಎಲ್ಲೋ ದೂರದ ಕಾಡಲ್ಲಿದ್ದಾಳೆ. ಎಂಥ ಸಂಜೆಗಳು ಕಣ್ರೀ ಅವು!

ಹಂಗಂತ ನಾನೇನು ಅವತ್ತು ದೇವತೆ ಥರ ಇರಲಿಲ್ಲ. ಒಂದು ಬೆಳಗ್ಗೆ ಹಾಲು ಕರೆಯೋಕೆ ಹೋದ್ರೆ ಕೊಟ್ಟಿಗೆಯಲ್ಲಿ ಕರು ಇಲ್ಲ. ರಾಗಿ ಕುಯ್ದ ಹೊಲದಲ್ಲಿ ಚಿರತೆ ಅದನ್ನ ಅರ್ಧ ತಿಂದು ಬಿಟ್ಟಿತ್ತು. ಕಾಯಿಲೆ ಬಿದ್ದಾಗ ಸೀಸೆಯಲ್ಲಿ ಹಾಲು ಕುಡಿಸಿ ಬದುಕಿಸಿಕೊಂಡ ಕರು ರೀ ಅದು!

"ನೋಡೇ, ನಿನ್ನ ಮುದ್ದಿನ ಚಿರತೆ ಮಾಡಿದ ಕೆಲಸ! ಬೋನು ತರಿಸ್ತೀನಿ, ಹಿಡ್ಕೊಂಡು ಹೋಗ್ಲಿ" ಅಂತ ಹುಡುಗಿ ಮೇಲೆ ಎಗರಾಡಿದೆ.

"ತಾಯಿನ ಹಿಡಿದ್ರೆ ಮರಿ ಉಳಿಯಲ್ಲ ಅಕ್ಕಾ" ಅಂತ ಅತ್ತಳು.

"ನನ್ನ ಕರು ಉಳೀತಾ?" ಅಂದೆ. ಅವಳು ಕಣ್ಣೊರೆಸಿಕೊಂಡು ಗುಡ್ಡಕ್ಕೆ ಹೋದಳು. ಕರು ಹೋಯ್ತು, ಬೋನು ಬೇಕು ಅಂತ ನಾನು ಅರಣ್ಯದವರಿಗೆ ಫೋನ್ ಮಾಡಿಸಿದೆ.

ಮಧ್ಯಾಹ್ನ ಬಂದವನು ಧಾರವಾಡದ ಕಡೆಯವನು, ಕೆಲಸಕ್ಕೆ ಹೊಸಬ. ಬೆಳಗಿನ ತುಂತುರಿಗೆ ಹೆಜ್ಜೆಗುರುತೆಲ್ಲ ಅಳಿಸಿತ್ತು. ನೋಡೋಕೆ ಬಂದ ಊರವರು ಉಳಿದಿದ್ದನ್ನೂ ತುಳಿದುಹಾಕಿದ್ದರು. "ಏನ್ ಬಂದಿತ್ತವ್ವಾ?" ಅಂತ ಕೇಳಿದ. ನಾನು ಬಾಯಿ ತೆಗೆಯೋದರೊಳಗೆ ನಮ್ಮತ್ತೆ ಮುಂದೆ ಬಂದು "ಕಿರುಬ ಸಾಮಿ, ಕಿರುಬ" ಅಂದರು.

"ಹೂಂ ಸಾರ್, ಕಿರುಬಾನೇ!" ಅಂತ ನಾನೂ ಜೋರಾಗಿ ತಲೆ ಆಡಿಸಿದೆ. ನಮ್ಮ ಕಡೆ ಹಳೇ ಜನ ಚಿರತೆಗೇ ಅಲ್ವಾ ಕಿರುಬ ಅನ್ನೋದು.

"ಕಿರುಬಕ್ಕ ಬೋನ್ ಯಾಕ ಬೇಕ್ರಿ? ಕೊಟ್ಟಿಗಿ ಬಾಗಲಾ ಭದ್ರ ಮಾಡ್ಕೋರಿ" ಅಂತ ಹೇಳಿ ಗಾಡಿ ಹತ್ತಿ ಹೋಗೇಬಿಟ್ಟ.

ಸಂಜೆ ಹುಡುಗಿ ಬಂದಾಗ ಅವನನ್ನ ಬಾಯಿಗೆ ಬಂದಂಗೆ ಬೈತಾ ನಡೆದಿದ್ದೆಲ್ಲ ಹೇಳಿದೆ. ಅವಳಿಗೆ ನಗು ತಡೆಯೋಕಾಗಲಿಲ್ಲ. "ಅಕ್ಕಾ, ನಮ್ಮ ಕಡೆ, ಅವನ ಕಡೆ ಕಿರುಬ ಅಂದ್ರೆ ಕತ್ತೆಕಿರುಬ, ಚಿರತೆ ಅಲ್ಲ! ನಾನೂ ಬಂದ ಹೊಸದರಲ್ಲಿ ಹಿಂಗೇ ಏಮಾರಿದ್ದೆ. ಅಜ್ಜಿಗೆ ಹೇಳಿದ್ದೆನಲ್ಲ, ಇಬ್ಬರೂ ಬಿದ್ದು ಬಿದ್ದು ನಕ್ಕಿದ್ವಿ" ಅಂದಳು.

ನನಗೆ ಆಗ ಹೊಳೀತು. ನಮ್ಮತ್ತೆ ಜಗಲಿ ಮೇಲೆ ಅವರೆಕಾಯಿ ಬಿಡಿಸ್ತಾ ಕೂತಿದ್ದರು, ಏನೂ ಆಗಿಲ್ಲ ಅನ್ನೋ ಹಂಗೆ.

"ಹುಟ್ಟಿದಾಗಿಂದ ಚಿರತೆಗೆ ತೆಲುಗಲ್ಲಿ ಚಿರುತ ಚಿರುತ ಅನ್ನೋ ಬಾಯಿಗೆ ಇವತ್ತೇ ಯಾಕೆ ಬಂತು ಕಿರುಬ?" ಅಂತ ಮುಂದೆ ನಿಂತು ಕೇಳಿದೆ. ಬೇಕಂತಲೇ ನನ್ನನ್ನ ಬೇಸ್ತು ಬೀಳಿಸಿದ್ದರು ಮುದುಕಿ!

ಅವರು ತಲೆ ಎತ್ತಲಿಲ್ಲ. "ನಿನ್ನ ಹಸು ಇನ್ನೊಂದು ಕರು ಹಾಕುತ್ತೆ ಬಿಡೇ. ಆ ಮರಿಗಳಿಗೆ ಅಮ್ಮನ್ನ ಎಲ್ಲಿಂದ ತರ್ತೀಯ?" ಅಂದರು. ಆಮೇಲೆ ಮೆಲ್ಲಗೆ, "ನಂಗೆ ನಮ್ಮಮ್ಮನ ಮುಖಾನೇ ಗೊತ್ತಿಲ್ಲ ಕಣೇ" ಅಂದರು.

ಮದುವೆಯಾದಾಗಿಂದ ಒಂದೇ ಒಲೆ ಮುಂದೆ ಕೂತವರು ನಾವು. ಜಗಳ ಆಡದ ವಿಷಯವಿಲ್ಲ. ಆ ಮಾತು ಮಾತ್ರ ನಾನು ಕೇಳಿದ್ದು ಅವತ್ತೇ ಮೊದಲು.